ಧೂಳಿಲ್ಲದ ಸೈಟು

ದೋಣಿಮಲೈ ಕಬ್ಬಿಣದ ಅದಿರಿನ ಗಣಿಯ ಕ್ವಾರ್ಟರ್ಸಿನಲ್ಲೇ ಕನಕರಾಜನ ಆಯಸ್ಸೆಲ್ಲ ಕಳೆಯಿತು. ಕಂಪನಿ ಮನೆ, ಕಂಪನಿ ನೀರು, ಕಂಪನಿ ಬಸ್ಸು. ಬಲ್ಬು ಸುಟ್ಟರೂ ಕಂಪನಿಯವರೇ ಬಂದು ಹಾಕಬೇಕು. ಇಂಥವನಿಗೆ ರಿಟೈರ್ ಆಗುವ ವರ್ಷ ಜ್ಞಾನೋದಯವಾಯಿತು: ಡಿಸೆಂಬರಿಗೆ ಕ್ವಾರ್ಟರ್ಸು ಬಿಡಬೇಕು, ತಲೆ ಮೇಲೆ ಸ್ವಂತದ್ದೊಂದು ಸೂರಿಲ್ಲ.

ಮೊಬೈಲಿನಲ್ಲಿ ಕೋಟು ಹಾಕಿಕೊಂಡ ಹುಡುಗನೊಬ್ಬ, ಭೂಮಿಗೆ ದುಡ್ಡು ಹಾಕುವ ಪಾಠ ಹೇಳುತ್ತಿದ್ದ. ವಾರದೊಳಗೆ ಕನಕರಾಜ್ ಪಂಡಿತನಾದ. ಜೋಡಿ ಸೈಟು ಹಿಡಿಯುವುದು, ಒಂದರಲ್ಲಿ ಮನೆ ಕಟ್ಟುವುದು, ಇನ್ನೊಂದನ್ನು ರೇಟು ಏರಿದಾಗ ಮಾರುವುದು. ಹೆಂಡತಿ ಸುಮಲತಾ ಒಗ್ಗರಣೆ ಹಾಕುವಾಗಲೂ ಬೆನ್ನ ಹಿಂದೆ ನಿಂತು ರೇಟು ಏರಿಸುತ್ತಿದ್ದ.

ಏಪ್ರಿಲ್ ಕೊನೆಗೆ ದಲ್ಲಾಳಿ ಜಡೆಪ್ಪ ಇಬ್ಬರನ್ನೂ ಬುಕ್ಕಸಾಗರದಾಚೆ, ಕಂಪ್ಲಿ ಕಡೆಯ ಹೊಸ ಲೇಔಟಿಗೆ ಕರೆದೊಯ್ದ. ಕಾಲುವೆ ಬಂದ್ ಆಗಿದ್ದ ಕಾಲ. ಸುತ್ತಲಿನ ಗದ್ದೆಗಳು ಒಣಗಿ ಬಿರುಕುಬಿಟ್ಟಿದ್ದವು. ಶಾಮಿಯಾನದಡಿ ಮಂಡಕ್ಕಿ, ಮಿರ್ಚಿ, ಮಜ್ಜಿಗೆ. ಕನಕರಾಜ್ ಮಿರ್ಚಿಗೆ ಮರುಳಾಗುವವನೇ? ಚೀಲದಿಂದ ಬಿಳಿ ಟವೆಲ್ ತೆಗೆದು ಸೈಟಿನ ನಡುವೆ ಹರಡಿದ. ದೋಣಿಮಲೈಯಲ್ಲಿ ಒಣಹಾಕಿದ ಬಿಳಿ ಬಟ್ಟೆ ಅದಿರಿನ ಧೂಳಿಗೆ ಕೆಂಪಾಗದೆ ಒಳಗೆ ಬಂದದ್ದಿಲ್ಲ. ಭೂಮಿಯ ಗುಣ ನೋಡಲು ಅವನಿಗಿದ್ದ ವಿದ್ಯೆ ಅದೊಂದೇ. ಮಜ್ಜಿಗೆ ಕುಡಿದು ಬಂದು ನೋಡಿದ. ಟವೆಲ್ ಬೆಳ್ಳಗೇ ಇತ್ತು.

"ನೋಡಿದ್ಯಾ? ಒಂದ್ ಚೂರೂ ಕೆಂಪಿಲ್ಲ."

"ಧೂಳು ಬಿಡ್ರಿ. ಆ ಗದ್ದ್ಯಾಗ ಯಾರೋ ಅದಾರ. ಮಳಿಗಾಲದಾಗ ಇಲ್ಲಿ ಹೆಂಗಿರತೈತಿ ಅಂತ ಕೇಳ್ರಿ," ಎಂದಳು ಸುಮಲತಾ.

"ಹೊಟ್ಟಿಕಿಚ್ಚಿಗೆ ಏನಾರ ಅಂತಾರ. ಇನ್ವೆಸ್ಟ್‌ಮೆಂಟ್ ಅಂದ್ರ ನಿನಗೇನ್ ಗೊತ್ತು?"

"ಸಾಹೇಬ್ರು ಭಾಳ ಶಾಣ್ಯಾ ಅದಾರ ಬಿಡ್ರಿ ಅಕ್ಕಾರ," ಎಂದು ಜಡೆಪ್ಪ ಇನ್ನೊಂದು ಮಿರ್ಚಿ ಕೊಟ್ಟ.

ಕೂಡಿಟ್ಟದ್ದೆಲ್ಲ ಜೋಡಿ ಸೈಟಿಗೆ ಹೋಯಿತು.

ಜುಲೈ ಕೊನೆಗೆ ಪಾಯ ತೆಗೆಸಲು ಮೇಸ್ತ್ರಿಯೊಂದಿಗೆ ಹೋದರೆ, ಕಾಲುವೆಗೆ ನೀರು ಬಿಟ್ಟಾಗಿತ್ತು. ಮೇಲಿನ ಗದ್ದೆಗಳ ನೀರೆಲ್ಲ ಬಸಿದು ಲೇಔಟಿಗೇ ಇಳಿದಿತ್ತು. ಗಡಿಕಲ್ಲುಗಳು ತಲೆಯನ್ನಷ್ಟೇ ತೋರಿಸುತ್ತಿದ್ದವು. ಮೇಸ್ತ್ರಿ ನೀರಿಗಿಳಿಯಲು ಚಪ್ಪಲಿ ಕೂಡ ಬಿಡಲಿಲ್ಲ, ರಸ್ತೆಯಿಂದಲೇ ಕೈಮುಗಿದ.

ಕನಕರಾಜ್ ಅಲ್ಲಿಂದಲೇ ಜಡೆಪ್ಪನಿಗೆ ಫೋನ್ ಹಚ್ಚಿದ.

"ಗಾಬರಿ ಆಗಬ್ಯಾಡ್ರಿ ಸಾಹೇಬ್ರ. ಎರಡನೇ ಬೆಳಿಗೆ ಬಿಡೋ ಕಾಲುವಿ ನೀರು ನಿಂತ ಮ್ಯಾಲ ಬರ್ರಿ, ಮಸ್ತ್ ಒಣಗಿರತೈತಿ."

"ಅಂದ್ರ ಯಾವಾಗ?"

"ಬ್ಯಾಸಿಗ್ಯಾಗ್ರಿ."

ಮನೆಗೆ ಬಂದ ಪಂಡಿತ ಮೊಬೈಲು ಮಗುಚಿಟ್ಟ. ಸುಮಲತಾ ಮರುದಿನವೇ ಹೊಸಪೇಟೆಗೆ ಹೋಗಿ ಗಲ್ಲಿ ಗಲ್ಲಿ ಸುತ್ತಿ ಎರಡು ಕೋಣೆಯ ಬಾಡಿಗೆ ಮನೆ ಗೊತ್ತುಮಾಡಿ ಬಂದಳು.

ಡಿಸೆಂಬರಿನಲ್ಲಿ ಸಾಮಾನು ಇಳಿಸುವಾಗ ಮನೆಯೊಡತಿ ಯಮನಮ್ಮ ಬಾಗಿಲಲ್ಲಿ ನಿಂತು ಕೇಳಿದಳು:

"ಇಷ್ಟ್ ವರ್ಸ ನೌಕ್ರಿ ಮಾಡೀರಿ, ಸ್ವಂತದ್ದು ಏನೂ ಮಾಡ್ಕಂಡಿಲ್ಲೇನ್ರಿ?"

"ಜೋಡಿ ಸೈಟ್ ಅದಾವ್ರಿ," ಎಂದ ಕನಕರಾಜ್ ತಟ್ಟನೆ.

"ಹೌದ್ರಿ ಅಮ್ಮಾರ, ಕಪ್ಪಿಗಳಿಗೆ ಬಾಡಿಗಿ ಕೊಟ್ಟೀವಿ," ಎಂದಳು ಸುಮಲತಾ.

"ಬಾಡಿಗಿ ಸರಿಯಾಗಿ ಕೊಡ್ತಾವೇನ್ರಿ?"

ಕನಕರಾಜ್ ಟ್ರಂಕು ಎತ್ತಿಕೊಂಡು ಒಳಗೆ ಹೋದ.