ಸದ್ದಿಲ್ಲದೆ ಅಕ್ಕ ಕೇಳಿದ್ದು

ಗಡಹಿಂಗ್ಲಜದಿಂದ ಹೊರಟ ಬಸ್ಸು ಇಚಲಕರಂಜಿ ಮುಟ್ಟುವ ಮೊದಲೇ ನೂಲಿಗೆ ಹಚ್ಚುವ ಗಂಜಿಯ ಹುಳಿವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ. ಪಕ್ಕದವರು ಮೂಗಿಗೆ ಸೆರಗು ಹಿಡಿಯುತ್ತಾರೆ, ನಾನು ಉಸಿರೆಳೆದುಕೊಳ್ಳುತ್ತೇನೆ. ಅದು ನನ್ನ ತವರಿನ ವಾಸನೆ. ಆ ಮನೆ ಈಗಿಲ್ಲ. ಮಗ್ಗಗಳು ಗುಜರಿಗೆ ಹೋದವು, ಆ ಜಾಗದಲ್ಲಿ ಮೊಬೈಲ್ ಅಂಗಡಿ ಎದ್ದಿದೆ. ನಿಮ್ಮದೂ ಇಂಥ ಒಂದು ಬಾಗಿಲು ಎಲ್ಲೋ ಮುಚ್ಚಿರಬೇಕು, ಅದಕ್ಕೇ ಹೇಳುತ್ತಿದ್ದೇನೆ.

ಗೋಕಾಕದ ಕಡೆಯಿಂದ ದುಡಿಯಲು ಬಂದ ಅಪ್ಪ ಅವ್ವ ಸಾವ್ಕಾರರ ಕರೆಂಟ್ ಮಗ್ಗದ ಶೆಡ್ಡಿನಲ್ಲಿ ನೇಯುತ್ತಿದ್ದರು. ಶೆಡ್ಡಿನ ಹಿಂದಿನ ಒಂದೇ ಕೋಣೆ ನಮ್ಮ ಮನೆ. ಮಗ್ಗಗಳು ಬಡಿಯತೊಡಗಿದರೆ ಕಿವಿಯ ಹತ್ತಿರ ಕೂಗಿದರೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಮಗ್ಗದವರ ಮಾತೆಲ್ಲ ತುಟಿಯಲ್ಲೇ. ದನಿ ಹೊರಡಿಸದೆ ತುಟಿ ಆಡಿಸಬೇಕು, ಎದುರಿನವರು ನೋಡಿ ತಿಳಿಯಬೇಕು. ನಾನೂ ನನ್ನಕ್ಕ ಕಸ್ತೂರಿಯೂ ಅಕ್ಷರಕ್ಕಿಂತ ಮೊದಲು ಅದನ್ನು ಕಲಿತೆವು. ಶಾಲೆಯಿಂದ ಬಂದ ಅಕ್ಕ ಶೆಡ್ಡಿನ ಬಾಗಿಲಲ್ಲಿ ನಿಂತು ಮೊದಲು ಕೇಳುತ್ತಿದ್ದುದು ಒಂದೇ: "ಯವ್ವಾ, ಉಂಡೀ ಏನಬೇ?" ಹರಿದ ಎಳೆಗೆ ಗಂಟು ಹಾಕುತ್ತಲೇ ಅವ್ವ "ಉಂಡೇನಿ" ಎನ್ನುವಳು. ಉಣ್ಣದಿದ್ದರೆ "ಇನ್ನಾ ಇಲ್ಲ" ಎನ್ನುವಳು. ಸುಳ್ಳು ಆಡುವವಳಲ್ಲ. ಆಗ ಅಕ್ಕ ರೊಟ್ಟಿ ಮುರಿದು ತಂದು ಅವಳ ಬಾಯಿಗಿಡುವಳು.

ಶಾಲೆಯಲ್ಲಿ ಆಟ ಕಲಿಸುವ ಟೀಚರ್ ಬಾಯಿಯವರು ಹಾಕಿ ಆಟದ ಕೋಲನ್ನು ಅಕ್ಕನ ಕೈಗೆ ಕೊಟ್ಟ ದಿನ ಅಪ್ಪ ನಕ್ಕಿದ್ದ. "ಕೋಲ ಹಿಡ್ಕೊಂಡ ಎಮ್ಮಿ ಹೊಡ್ಯಾಕ ಹೊಂಟಿ ಏನ ಕಸ್ತೂರಿ?"

"ಎಮ್ಮಿ ಅಲ್ಲಪಾ, ನಿನ್ನ ಹೆಸರ ಪೇಪರ್‌ದಾಗ ಬರಂಗ ಮಾಡಾಕ ಹೊಂಟೇನಿ!"

ಮರುದಿನ ಅವನೇ ಬಟ್ಟೆಯ ಅಂಚು ಕತ್ತರಿಸಿ ಕೋಲಿನ ಹಿಡಿಗೆ ಬಿಗಿಯಾಗಿ ಸುತ್ತಿಕೊಟ್ಟ. ಆಮೇಲೆ ಕೊಲ್ಹಾಪುರದ ಹಾಸ್ಟೆಲ್ಲು, ರಾಜ್ಯದ ತಂಡ, ಕೊನೆಗೆ ದೇಶದ ಅಂಗಿ. ಪರದೇಶದಲ್ಲಿ ಅವಳು ಆಡಿದ ಮೊದಲ ಪಂದ್ಯವನ್ನು ನಾವು ದಾನೋಳಿ ಕಡೆಯಿಂದ ಬಂದು ನೂಲಿನ ವ್ಯಾಪಾರ ಮಾಡುತ್ತಿದ್ದ ಜೈನರ ಅಕ್ಕಾತಾಯಿಯವರ ಮನೆಯಲ್ಲಿ ಕೂತು ನೋಡಿದೆವು. ರಾಷ್ಟ್ರಗೀತೆ ಮುಗಿಯಿತು. ಟೀವಿಯ ತುಂಬ ಅಕ್ಕನ ಮುಖ ಬಂತು, ತುಟಿ ಅಲ್ಲಾಡಿತು.

"ದೇವರ ನಾಂವ ತಗೋಳಾಕತ್ಯಾಳ ನೋಡ್ರಿ ಪೋರಿ," ಎಂದು ಅಕ್ಕಾತಾಯಿ ಕೈಮುಗಿದರು. ಅವ್ವ ಮಾತ್ರ ಟೀವಿಯ ಹತ್ತಿರ ಸರಿದು, "ಉಂಡೇನಿ ನನ ಮಗಳ, ನೀ ಛಲೋ ಆಡು," ಎಂದಳು. ಅಂದು ಸೋಮವಾರ, ಅವಳ ಉಪವಾಸದ ದಿನ. ಮಗಳು ಕೇಳಿಯೇ ಕೇಳುತ್ತಾಳೆಂದು ಗೊತ್ತಿದ್ದು ಮುಂಜಾನೆಯೇ ರೊಟ್ಟಿ ತಿಂದು ಬಂದಿದ್ದಳು. "ಶಿವಾ ಸಿಟ್ಟಾಗಂಗಿಲ್ಲ, ಅವಂಗೂ ಮಕ್ಕಳದಾರ," ಎಂದು ನನಗೆ ಸಮಾಧಾನ ಹೇಳಿದಳು. ಅಂದಿನಿಂದ ಪ್ರತಿ ಪಂದ್ಯಕ್ಕೂ ಮೊದಲು ಅಕ್ಕ ಕೇಳುವುದು, ಅದಕ್ಕೂ ಮೊದಲೇ ಅವ್ವ ಉಣ್ಣುವುದು ನಡೆದುಬಂತು.

ಮೊಣಕಾಲು ಕೈಕೊಟ್ಟು ಅಕ್ಕನ ಆಟ ನಿಂತಿತು. ಕೊಲ್ಹಾಪುರದಲ್ಲಿ ಹುಡುಗಿಯರಿಗೆ ಕಲಿಸುತ್ತ ಆ ದುಃಖ ನುಂಗಿಕೊಳ್ಳುತ್ತಿದ್ದಳು, ಅಷ್ಟರಲ್ಲಿ ಗಂಟಲಲ್ಲಿ ಗಡ್ಡೆ ಬಂತು. ಆಪರೇಷನ್ನಿನಲ್ಲಿ ದನಿಯೂ ಹೋಯಿತು. ನರ್ಸಮ್ಮ ಬರೆದು ತೋರಿಸಲು ಪಾಟಿ ಕೊಟ್ಟರೆ ಅಕ್ಕ ಬದಿಗೆ ಸರಿಸಿದಳು. ಮಗ್ಗದ ಸದ್ದಿಗೆ ಅವ್ವನ ಕಿವಿಯೂ ಹೋಗಿತ್ತು. ದನಿ ಇಲ್ಲದ ಮಗಳು, ಕಿವಿ ಇಲ್ಲದ ತಾಯಿ ದಿನವಿಡೀ ಹರಟುತ್ತಿದ್ದರು. ದೇವರು ಅಷ್ಟನ್ನಾದರೂ ಉಳಿಸಿದ್ದ, ಅದಕ್ಕೆ ಈಗಲೂ ಕೈಮುಗಿಯುತ್ತೇನೆ.

ಕೊನೆಯ ದಿನ ಬೆಳಿಗ್ಗೆ ಅಕ್ಕ ಕಣ್ಣು ತೆರೆದು ಅದನ್ನೇ ಕೇಳಿದಳು. ಹಿಂದಿನ ದಿನದಿಂದ ಅವ್ವನ ಹೊಟ್ಟೆಗೆ ನೀರು ಬಿಟ್ಟು ಏನೂ ಹೋಗಿರಲಿಲ್ಲ. "ಉಂಡೇನಿ," ಎಂದಳು. ಅಕ್ಕ ಅವಳನ್ನೇ ನೋಡಿ ನಕ್ಕಳು. "ಸುಳ್ಳ ಹೇಳ್ತಿ," ಎಂದು ತುಟಿಯಾಡಿಸಿ, ಕಿಟಕಿಯಲ್ಲಿದ್ದ ಬಾಳೆಹಣ್ಣಿಗೆ ಬೆರಳು ತೋರಿಸಿದಳು. ಅವ್ವ ಹಣ್ಣು ಸುಲಿದು, ಅಳುತ್ತಲೇ ಅವಳೆದುರು ತಿಂದಳು. ಕೊನೆಯ ತುತ್ತು ಇಳಿಯುವವರೆಗೂ ಅಕ್ಕ ಕಣ್ಣು ಕೀಳಲಿಲ್ಲ. ಮಧ್ಯಾಹ್ನದೊಳಗೆ ಹೋಗಿಬಿಟ್ಟಳು.

ಈಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಮೊನ್ನೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಮಗಳು ಆ ಹಳೆಯ ಪಂದ್ಯವನ್ನು ಮೊಬೈಲಿನಲ್ಲಿ ಹುಡುಕಿ ತಂದಳು. "ಮಮ್ಮೀ, ದೊಡ್ಡವ್ವ ಇಲ್ಲಿ ಪ್ರಾರ್ಥನಾ ಮಾಡಾಕತ್ಯಾಳ ಏನ?" ಮಗ್ಗದ ಮನೆ ಕಾಣದ ಹುಡುಗಿ, ತುಟಿ ಓದಲು ಬಾರದು. ಆ ಮಾತು ಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೊಬೈಲಿನಲ್ಲಿದ್ದ ಅಕ್ಕನ ಪುಟ್ಟ ಮುಖದತ್ತ ಬಾಗಿದೆ.

"ಇನ್ನಾ ಇಲ್ಲ, ಅಕ್ಕಾ," ಎಂದೆ, ದನಿ ಹೊರಡಿಸದೆ. ಆಮೇಲೆ ತಾಟು ಹಾಕಿಕೊಂಡು ಉಣ್ಣಲು ಕೂತೆ.