ಬೆಣ್ಣೆಯವಳ ಮೂರನೆಯ ಹಾಡು

ಆಗ ನಮ್ಮ ಶಲವಡಿ ಶಾಲೆಗೆ ಕರೆಂಟು ಬಂದಿರಲಿಲ್ಲ; ಹತ್ತಿ ಬಿಡಿಸುವ ದಿನಗಳಲ್ಲಿ ಅರ್ಧ ಮಕ್ಕಳು ಹೊಲದಲ್ಲೇ ಇರುತ್ತಿದ್ದರು. ಅಂಥದೊಂದು ಸುಗ್ಗಿಯಲ್ಲಿ ನಾವು ಫ್ರೆಂಚರ ನಾಟಕ ಆಡಿದೆವು ಎಂದರೆ, ಮೊಮ್ಮಕ್ಕಳೇ, ನೀವು ನಗುತ್ತೀರಿ.

ಪಾಂಡಿಚೇರಿಯಲ್ಲಿ ಕೆಲವು ವರ್ಷ ಇದ್ದು ಬಂದ ನಮ್ಮ ಮಾಸ್ತರರು ಅದನ್ನು ತಂದಿದ್ದರು. ನಮ್ಮ ಸಣ್ಣಾಟದ ಹಾಗೆ ಅದೂ ಹಾಡು, ನಗೆ ಕೂಡಿದ ಆಟ. ಜಿಪುಣ ಸಾಹುಕಾರನನ್ನು ಮೊಟ್ಟೆ ಮಾರುವ ಹುಡುಗಿ ಏಮಾರಿಸುವ ಕಥೆ.

"ನಮ್ಮೂರಾಗ ತತ್ತಿ ನಡ್ಯಾಂಗಿಲ್ಲ" ಎಂದು ಮಾಸ್ತರರು ಅವಳ ತಲೆಯ ಮೇಲೆ ಬೆಣ್ಣೆಯ ಗಡಿಗೆ ಹೊರಿಸಿದರು. ಗಡಿಗೆಯೊಳಗೆ ಬೆಣ್ಣೆಯ ಬದಲು ಹತ್ತಿ.

ಪಾಂಡಿಚೇರಿಯಲ್ಲಿ ಫ್ರೆಂಚರ ಆಳ್ವಿಕೆ ಇದ್ದಾಗ ದೊರೆಗಳೇ ಈ ಆಟ ಆಡುತ್ತಿದ್ದರಂತೆ. ರಂಗದ ಮೇಲೆ ಬಿಳಿಯರು ಮಾತ್ರ. ನಮ್ಮವರು ದೀಪ ಹಚ್ಚಲು, ಪರದೆ ಎಳೆಯಲು. ಒಂದು ವರ್ಷ ನಾಯಕಿಗೆ ಜ್ವರ ಬಂತು. ಪರದೆಯ ಹಿಂದೆ ಕೇಳಿ ಕೇಳಿ ಕಲಿತಿದ್ದ ಆಯಾಳ ಮಗಳು ಅಂದು ಹಾಡಿದಳು. ಆಮೇಲೆ ಫ್ರೆಂಚರು ಬಿಟ್ಟು ಹೋಗುವವರೆಗೂ ಆ ಪಾತ್ರ ಅವಳದೇ.

ಇದನ್ನು ಕೇಳಿದ ದಿನದಿಂದ ನಾನು ನೀಲವ್ವನಿಗೆ ಜ್ವರ ಬರಲಿ ಎಂದು ಕಾಯತೊಡಗಿದೆ.

ನೀಲವ್ವ ಬಾಜು ಮನೆಯವಳು, ನನ್ನ ಜೀವದ ಗೆಳತಿ. ಬೆಣ್ಣೆಯವಳ ಪಾತ್ರ ಅವಳಿಗೆ ಸಿಕ್ಕಿತ್ತು. ಹಾಡುಗಳೆಲ್ಲ ಅವಳಿಗಿಂತ ಮೊದಲು ನನಗೇ ಬಾಯಿಗೆ ಬಂದಿದ್ದವು. ಆದರೆ "ಯಾರು ಹಾಡ್ತೀರಿ?" ಎಂದು ಮಾಸ್ತರರು ಕೇಳಿದಾಗ ನಾನು ನೆಲ ನೋಡಿದ್ದೆ.

"ನೀ ಹಿಮ್ಮೇಳಕ್ಕ ನಿಲ್ಲವಾ. ಆಕಿ ಮರತ್ರ ಸಾಲು ಎತ್ತಿಕೊಡೂದು ನಿನ್ನ ಕೆಲಸ" ಎಂದಿದ್ದರು.

ಅವಳ ನಡಿಗೆ, ಅವ್ವನಿಂದ ಇಸಕೊಂಡ ಇಳಕಲ್ ಸೀರೆ, ಜಡೆಯ ಸೇವಂತಿಗೆ, ಎಲ್ಲವೂ ನನ್ನ ಹೊಟ್ಟೆ ಉರಿಸುತ್ತಿದ್ದವು.

"ಚಲೋ ಕಾಣ್ತೀನೇನ ಬೇ?"

"ಹಿಂಗ ಕುಣಕೋತ ಹೋದ್ರ ಗಡಿಗಿ ಒಡೀತದ, ನೋಡು."

"ಹಿಡ್ಯಾಕ ನೀ ಅದಿಯಲ್ಲ ಹಿಂದ!"

ಆಟದ ದಿನ ಬಂತು. ಅವಳಿಗೆ ಒಂದು ನೆಗಡಿಯೂ ಆಗಲಿಲ್ಲ. ಇಳಿಬಿಸಿಲಿನಲ್ಲಿ ಶಾಲೆಯ ಕಟ್ಟೆಯ ಮೇಲೆ ಎರಡು ಹಾಡು ಚೆನ್ನಾಗಿ ನಡೆದವು. ಮೂರನೆಯದರಲ್ಲಿ ನೀಲವ್ವ ತಟ್ಟನೆ ನಿಂತಳು. ಹಾರ್ಮೋನಿಯಂ ಅದೇ ಸ್ವರಕ್ಕೆ ಎರಡು ಸಲ ಬಂದು ಕಾಯಿತು. ಅವಳು ತಿರುಗಿ ನನ್ನನ್ನು ನೋಡಿದಳು. ಸಾಲು ನನ್ನ ನಾಲಿಗೆಯ ಮೇಲೇ ಇತ್ತು. ನಾನು ತುಟಿ ಬಿಗಿಹಿಡಿದೆ.

ಅವಳು ಗಡಿಗೆಯಿಂದ ಒಂದು ಹಿಡಿ ಹತ್ತಿ ತೆಗೆದು ಸಾಹುಕಾರನ ಬಾಯಿಗೆ ತುರುಕಿದಳು. "ರುಚಿ ನೋಡ್ರಿ ಸಾವ್ಕಾರ್ರ!"

ಜನ ಬಿದ್ದು ಬಿದ್ದು ನಕ್ಕರು. "ಅಗದಿ ಹುಲಿ ಅದಾಳಲೇ ಹುಡುಗಿ!" ಎಂದು ಯಾರೋ ಕೂಗಿದರು. ಆ ನಗೆಯಲ್ಲಿ ಅವಳಿಗೆ ಸಾಲು ನೆನಪಾಯಿತು.

ಮರುದಿನ ಮುಂಜಾನೆ ನೀಲವ್ವ ಸೆರಗಿನಲ್ಲಿ ಹಿಡಿದು ಬಿಸಿ ಲೋಟವೊಂದನ್ನು ತಂದಳು. ಶುಂಠಿ ಕಷಾಯ.

"ನಿನ್ನಿ ಗಂಟಲ ಕಟ್ಟಿತ್ತಲ್ಲ ನಿಂದು, ಪಾಪ. ಕುಡಿ."

ಕುಡಿದೆ. ನಿಜ ಹೇಳಲಿಲ್ಲ. ಅವಳು ಅಷ್ಟು ಒಳ್ಳೆಯವಳು ಎಂಬುದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಮಾಸ್ತರರು ವರ್ಗವಾಗಿ ಹೋದರು. ಆ ಆಟ ಮತ್ತೆ ಆಗಲಿಲ್ಲ. ದುಮ್ಮವಾಡಕ್ಕೆ ಮದುವೆಯಾಗಿ ಹೋದ ನೀಲವ್ವ ಹೋದ ವರ್ಷ ತೀರಿಕೊಂಡಳು. ಈಗ ಬೆಣ್ಣೆಯವಳ ಪಾತ್ರ ನನಗೇ ಉಳಿದಿದೆ. ರೊಟ್ಟಿ ಬಡಿಯುತ್ತ ಹಾಡಿಕೊಳ್ಳುತ್ತೇನೆ. ಮೂರನೆಯ ಹಾಡಿನ ಆ ಸಾಲು ಈಗೀಗ ಮರೆತುಹೋಗುತ್ತದೆ. ತಿರುಗಿ ನೋಡುತ್ತೇನೆ, ಎತ್ತಿಕೊಡಲು ಹಿಂದೆ ಯಾರೂ ಇಲ್ಲ.