ತುಟಿಗೆ ತಾಗಿದ ದಾರ

ಕಲಕಿದ ನೀರಿನಲ್ಲಿ ಮೀನು ಕಣ್ಣಿನಿಂದ ಬೇಟೆಯಾಡುವುದಿಲ್ಲ, ಮೈಯಿಂದ ಆಡುತ್ತದೆ. ಬಾಸ್ ಮೀನಿನ ಪಕ್ಕೆಯುದ್ದಕ್ಕೂ ಒಂದು ಗೆರೆಯಿದೆ. ನೀರಿನಲ್ಲಿ ಯಾವ ಪುಟ್ಟ ಜೀವ ನಡುಗಿದರೂ ಆ ಗೆರೆಗೆ ಸುದ್ದಿ ಮುಟ್ಟುತ್ತದೆ. ಮೀನನ್ನು ಚಪ್ಪರಿಸಿ ತಿನ್ನುವ ನಾವು ಇಷ್ಟಾದರೂ ತಿಳಿದಿರಬೇಕಿತ್ತು.

ಗುಂಗಣ್ಣನಿಗೆ ತಿಳಿದಿತ್ತು. ಅದು ಅವನ ನಿಜವಾದ ಹೆಸರಲ್ಲ. ಕಲ್ಲು ಪಾಲಿಶ್ ಮಾಡುವ ಶೆಡ್ಡಿನಲ್ಲಿ ಉಜ್ಜುವ ಯಂತ್ರ ಹಿಡಿದು, ಅದರ ಗುಂಯ್ ಸದ್ದನ್ನೇ ಶ್ರುತಿ ಮಾಡಿಕೊಂಡು ಹಾಡುತ್ತಿದ್ದವನಿಗೆ ಜೊತೆಯವರು ಇಟ್ಟ ಹೆಸರು. ಶೆಡ್ಡೆಂದರೆ ತಗಡಿನ ಸೂರು, ಸದಾ ಒದ್ದೆಯಾದ ನೆಲ, ಗೋಡೆಗೊರಗಿ ನಿಂತ ಚಪ್ಪಡಿಗಳು. ಕಲ್ಲು ತೊಳೆದ ನೀರು ಹಿಂಗೋಡೆಯ ಕಿಂಡಿಯಿಂದ ಇಳಿದು ನೇರ ಕೆರೆಗೆ ಸೇರುತ್ತಿತ್ತು. ಕೆರೆ ಹಾಲು ಬೆರೆಸಿದ ಹಾಗೆ ಬೆಳ್ಳಗೆ ಮಲಗಿರುತ್ತಿತ್ತು. ಆಕಾಶಕ್ಕೂ ಅದಕ್ಕೂ ನಡುವಿನ ಗೆರೆ ಎಲ್ಲೆಂದು ಮುಂಜಾನೆ ಯಾರಿಗೂ ಹೇಳಲಾಗುತ್ತಿರಲಿಲ್ಲ.

ರಜೆಯ ದಿನ ಅವನು ಅಲ್ಲಿ ಗಾಳ ಹಾಕಿ ಕೂರುತ್ತಿದ್ದ. ಗಾಳದ ತುದಿಗೆ ತಗಡಿನ ಮೀನು: ಹೊಟ್ಟೆಗೆ ಸೀಸ, ಅಡಿಯಲ್ಲಿ ಕೊಕ್ಕೆ, ಬೆನ್ನಿಗೆ ಕಟ್ಟಿದ ದಾರ. ಎಳೆದರೆ ನೀರಿನೊಳಗೆ ಥರಥರ ನಡುಗುತ್ತದೆ. ಕಾಣದ ಬಾಸ್ ಆ ನಡುಕಕ್ಕೇ ಮರುಳಾಗಿ ಬರುತ್ತದೆ. ಗುಂಗಣ್ಣ ಮರುಳಾಗಿದ್ದೂ ಅದಕ್ಕೇ. ನಡುಕ ದಾರ ಹತ್ತಿ, ಕೋಲಿಳಿದು, ಅಂಗೈಗೆ ಬರುತ್ತಿತ್ತು. ಕಣ್ಣು ಮುಚ್ಚಿದರೆ ಸಾಕು, ಕೆರೆಯ ತಳದಲ್ಲಿ ಬರಿಗಾಲಲ್ಲಿ ನಡೆದಂತೆ. ಇಲ್ಲಿ ಮರಳು, ಇಲ್ಲಿ ಪಾಚಿ, ಇಗೋ ಮುಳುಗಿದ ಮರದ ಕೊಂಬೆ. ವಾರವಿಡೀ ಯಂತ್ರ ಅವನನ್ನು ನಡುಗಿಸುತ್ತಿತ್ತು. ರಜೆಯ ಆ ಒಂದು ದಿನ ಅವನು ತಗಡನ್ನು ನಡುಗಿಸಿ ಸಮಾಧಾನ ಪಡುತ್ತಿದ್ದ.

ಹೀಗಿರುವಾಗ ತಗಡಿನ ಮೀನು ಸತ್ತಿತು. ಎಷ್ಟು ಎಳೆದರೂ ಕೈಗೆ ಏನೂ ಬರಲಿಲ್ಲ. ಬಾಲ ಬಗ್ಗಿಸಿದ, ಅರದಿಂದ ಉಜ್ಜಿದ, ಗಂಟು ಬಿಚ್ಚಿ ಕಟ್ಟಿದ. ಕೊನೆಗೆ ಗಾಳದಂಗಡಿಗೆ ಹೋಗಿ ಜಗಳಕ್ಕೆ ನಿಂತ.

"ಏನಯ್ಯಾ, ಸತ್ತ ಮಾಲು ಮಾರ್ತೀಯಾ? ಇದು ನಡುಗೋದೇ ಇಲ್ಲ!"

"ಅದು ಯಾವಾಗ ಬದುಕಿತ್ತು ಗುಂಗಣ್ಣ, ಸಾಯೋಕೆ?" ಎಂದು ನಗುತ್ತಾ ಅಂಗಡಿಯವನು ಬೇರೊಂದು ಕೊಟ್ಟ.

ಅದೂ ಸತ್ತಿತು. ಮತ್ತೊಂದೂ ಅಷ್ಟೇ. ಮನೆಯ ಕಿಟಕಿಯಲ್ಲಿ ಸಾಲು ಬೆಳೆಯಿತು.

"ಇದೇನ್ರೀ, ಮೀನಿನ ಶವಾಗಾರ ಮಾಡಿಟ್ಟಿದ್ದೀರಾ?" ಎಂದಳು ಹೆಂಡತಿ, ಅವನ ಅಂಗಿಯ ಗುಂಡಿ ಹಾಕುತ್ತಾ. ಈಚೆಗೆ ಗುಂಡಿ ಹಾಕುವ ಕೆಲಸ ಅವಳದ್ದೇ ಆಗಿತ್ತು. ಮುದ್ದು ಮಾಡಿಸಿಕೊಳ್ಳುವ ನಾಟಕವೆಂದು ಅವಳು ಒಳಗೊಳಗೇ ಖುಷಿಪಟ್ಟಿದ್ದಳು. ಚಳಿಯ ಬೆಳಗ್ಗೆ ಅವನ ಬೆರಳ ತುದಿಗಳು ಸುಣ್ಣದಂತೆ ಬೆಳ್ಳಗಿರುತ್ತಿದ್ದವು. ಕಲ್ಲಿನ ಪುಡಿ, ಸರಿಯಾಗಿ ತೊಳೆದಿಲ್ಲ ಎಂದುಕೊಂಡು ಇಬ್ಬರೂ ಸುಮ್ಮನಾಗಿದ್ದರು.

ಮುಂದಿನ ರಜೆಗೆ ಅವಳೂ ಕೆರೆಗೆ ಹೋದಳು. ಮಂಜು ನೀರಿನ ಮೇಲೆ ಒಣಹಾಕಿದ ಬಟ್ಟೆಯಂತೆ ಅಲುಗುತ್ತಿತ್ತು. ಅವನು ಗಾಳ ಎಸೆದು, ದಾರ ಸುತ್ತುವ ರೀಲು ತಿರುಗಿಸಿ, ಮುಖ ಹುಳಿ ಮಾಡಿಕೊಂಡ.

"ನೋಡು, ಇದೂ ಹೆಣ. ಹಿಡಿ."

ಅವಳು ಕೋಲು ಹಿಡಿದು ರೀಲು ತಿರುಗಿಸಿದಳು. ಬೆಚ್ಚಿಬಿದ್ದಳು.

"ಅಯ್ಯೋ! ಕೋಳಿಮರಿ ಹಿಡ್ಕೊಂಡ ಹಾಗಿದೆ ರೀ, ಪಟಪಟ ಅಂತಿದೆ!"

"ತಮಾಷೆ ಸಾಕು."

"ನನ್ನಾಣೆಗೂ!"

ಅವನು ಅವಳ ಕೈಯ ಮೇಲೆ ತನ್ನ ಕೈಯಿಟ್ಟ. ನಡುಕ ತಿಳಿಯಲಿಲ್ಲ. ಅವಳ ಕೈ ಬೆಚ್ಚಗಿದೆಯೋ ತಣ್ಣಗಿದೆಯೋ, ಅದೂ ತಿಳಿಯಲಿಲ್ಲ. ಅವಳು ಅವನ ಬೆರಳುಗಳನ್ನು ಕೆರೆಯ ನೀರಲ್ಲಿ ಅದ್ದಿ, ಅವನ ಅಂಗಿಯ ತುದಿಯಿಂದ ಉಜ್ಜಿದಳು, ಮತ್ತೆ ಉಜ್ಜಿದಳು. ಬಿಳುಪು ಹೋಗಲಿಲ್ಲ. ಅದು ಪುಡಿಯಾಗಿರಲಿಲ್ಲ. ಸತ್ತದ್ದು ತಗಡೂ ಅಲ್ಲ, ಯಂತ್ರದ ನಡುಕ ತಿಂದು ತಿಂದು ದಣಿದ ಬೆರಳು.

ಆಮೇಲೆ ಅವಳೇ ಕೋಲನ್ನು ಅವನ ಕೈಗಿತ್ತು, ದಾರವನ್ನೆತ್ತಿ ಅವನ ಕೆಳತುಟಿಗೆ ತಾಗಿಸಿದಳು.

"ಕೈಗೆ ಗೊತ್ತಾಗ್ದಿದ್ರೆ ಇಲ್ಲಾದ್ರೂ ಗೊತ್ತಾಗುತ್ತಾ ನೋಡಿ. ತಿರುಗಿಸಿ."

ತಿರುಗಿಸಿದ. ತುಟಿ ಜುಮ್ಮೆಂದಿತು. ಕಣ್ಣುಗಳು ತಾವಾಗಿಯೇ ಮುಚ್ಚಿದವು. ಕಳೆದುಹೋಗಿದ್ದ ಕೆರೆ ತುಟಿಯ ದಾರಿಯಿಂದ ಒಳಗೆ ಬಂತು: ಮರಳು, ಪಾಚಿ, ಮರದ ಕೊಂಬೆ. ಥಟ್ಟನೆ ನಡುಕ ನಿಂತಿತು. ಕೋಲು ಜಗ್ಗಿದ. ಬಿಳಿ ನೀರನ್ನು ಸೀಳಿಕೊಂಡು ಬಾಸ್ ಮೇಲೆದ್ದಿತು. ಅದರ ಪಕ್ಕೆಯ ಗೆರೆಯನ್ನು ಅವನು ಕೆನ್ನೆಗೆ ಒತ್ತಿ ಹಿಡಿದ. ಬೆರಳಿಗೆ ಅದರ ತಂಪು ದಕ್ಕುತ್ತಿರಲಿಲ್ಲ.

ಊಟಕ್ಕೆ ಕೂತಾಗ ಮುಳ್ಳು ಬಿಡಿಸಿ ಅವನ ತಟ್ಟೆಗೆ ಹಾಕಿದವಳು ಅವಳು.

ಮರುದಿನ ಅವನು ಶೆಡ್ಡಿನ ಮಾಲೀಕನ ಮುಂದೆ ನಿಂತು ಯಂತ್ರವಿಲ್ಲದ ಬೇರೆ ಕೆಲಸ ಕೇಳಿದ. ಮಾಲೀಕ ಅವನ ಕೈ ನೋಡಿ, "ಎರಡೂ ಇವೆಯಲ್ಲೋ! ಹೋಗು, ಜನಕ್ಕೆ ಹೊಳಪು ಬೇಕು" ಎಂದ. ಗುಂಗಣ್ಣ ಯಂತ್ರ ಹಿಡಿದ. ಹಾಡು ಮಾತ್ರ ಬರಲಿಲ್ಲ.

ಆ 'ಜನ' ಅಂದರೆ ನೀವು. ನಿಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಕೈಯಿಡಿ. ತಣ್ಣಗಿದೆ, ನುಣ್ಣಗಿದೆ, ಅಲ್ಲವೇ? ನಿಮಗಾದರೂ ಗೊತ್ತಾಗುತ್ತದೆ. ಇನ್ನೊಮ್ಮೆ ಕಲ್ಲು ಆರಿಸಲು ಹೋದಾಗ ಹೊಳಪು ನೋಡುವ ಮೊದಲು ಶೆಡ್ಡಿನೊಳಗೆ ಕಾಲಿಡಿ. ಉಜ್ಜುವವನ ಬೆರಳು ಹಿಡಿದು ನೋಡಿ. ಬಿಳಿಚಿದ್ದರೆ, ಇವನಿಗೆ ಬೇರೆ ಕೆಲಸ ಕೊಡುವ ತನಕ ಈ ಕಲ್ಲು ಒಯ್ಯುವುದಿಲ್ಲ ಎಂದು ಮಾಲೀಕನ ಮುಖಕ್ಕೆ ಹೇಳಿ.